ಬೆಂಗಳೂರಿನಲ್ಲಿ ಹೋಮಿ ಭಾಭಾ

ಹೋಮಿ ಜಹಾಂಗೀರ್ ಭಾಭಾ ಅವರ ಹೆಸರನ್ನು ಮುಂಬಯಿಯೊಡನೆ ಸೇರಿಸಿ ಹೇಳುವುದು ರೂಢಿ. ಆದರೆ ನಮ್ಮ ದೇಶದ ಪರಮಾಣು ವಿದ್ಯುತ್ತಿನ ಬೇರು ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿದೆ ಎಂಬುದು ನನ್ನ ಎಣಿಕೆ.

ಅವರು ಹುಟ್ಟಿದ್ದು 1909ರ ಅಕ್ಟೋಬರ್ 30ರಂದು, ಮುಂಬಯಿಯ ಅನುಕೂಲಸ್ಥ ಪಾರಸಿ ಮನೆತನದಲ್ಲಿ. ಇಂಜಿನಿಯರಿಂಗ್ ಕಲಿತು ಟಾಟಾ ಉಕ್ಕಿನ ಕಾರ್ಖಾನೆ ಸೇರಲೆಂದು ಮನೆಯವರು ಕೇಂಬ್ರಿಡ್ಜಿಗೆ ಕಳುಹಿಸಿದರು. ಮಗನ ಮನಸ್ಸೋ ಭೌತಶಾಸ್ತ್ರದಲ್ಲಿ. ಮೊದಲು ಇಂಜಿನಿಯರಿಂಗಿನಲ್ಲಿ ಪ್ರಥಮ ದರ್ಜೆ ತರಬೇಕೆಂದು ತಂದೆ ಕರಾರು ಹಾಕಿದರು. ಅದನ್ನು ಸಲ್ಲಿಸಿಯೇ ಅವರು ತಮ್ಮ ದಾರಿ ಹಿಡಿದರು. ಬಾನಿನಿಂದ ಬರುವ ವಿಶ್ವಕಿರಣಗಳು ವಾಯುಮಂಡಲದಲ್ಲಿ ಕಣಗಳ ಮಳೆಯನ್ನೇ ಸುರಿಸುವ ಬಗೆಯನ್ನು 1937ರಲ್ಲಿ ಹೈಟ್ಲರ್ ಎಂಬ ವಿದ್ವಾಂಸರೊಡನೆ (ಹಿಟ್ಲರ್ ಅಲ್ಲ!) ವಿವರಿಸಿ ಹೆಸರಾದರು. ಅದರ ಗಣಿತ ಕಲಾ ವಿದ್ಯಾರ್ಥಿಯಾದ ನನಗೆ ನಿಲುಕದು.

1939ರಲ್ಲಿ ರಜೆಗೆಂದು ಊರಿಗೆ ಬಂದಿದ್ದಾಗ ಮಹಾಯುದ್ಧ ಹತ್ತಿಕೊಂಡು, ಹಿಂದಿರುಗುವ ದಾರಿ ಮುಚ್ಚಿತು. ಸಿ. ವಿ. ರಾಮನ್ ಅವರಿದ್ದ ವಿಜ್ಞಾನ ಮಂದಿರದಲ್ಲಿ ಭಾಭಾ ರೀಡರ್ ಆಗಿ ಸೇರಿ, ವಿಶ್ವಕಿರಣ ಸಂಶೋಧನೆಯ ಘಟಕವನ್ನು ಕಟ್ಟಿದರು. ಮುಂದೆ ಜಗತ್ತಿನ ಗಣಿತಜ್ಞರ ಸಾಲಿಗೆ ಸೇರಿದ ಹರೀಶ್‌ಚಂದ್ರ ಅಲ್ಲಿ ಅವರ ಶಿಷ್ಯರಾಗಿದ್ದರು. 1941ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಅವರನ್ನು ಫೆಲೋ ಆಗಿ ಆರಿಸಿತು.

1944ರ ಮಾರ್ಚಿನಲ್ಲಿ ಭಾಭಾ ದೊರಾಬ್ಜಿ ಟಾಟಾ ನಿಧಿಗೆ ಒಂದು ಪತ್ರ ಬರೆದರು. ಹಿರೋಷಿಮಾದ ಹೆಸರು ಆಗಿನ್ನೂ ಯಾರ ಕಿವಿಗೂ ಬಿದ್ದಿರಲಿಲ್ಲ. ಕೆಲವೇ ದಶಕಗಳಲ್ಲಿ ಪರಮಾಣುವಿನಿಂದ ವಿದ್ಯುತ್ ತೆಗೆಯುವ ಕಾಲ ಬಂದಾಗ ಪರದೇಶದ ತಜ್ಞರಿಗಾಗಿ ಕೈಚಾಚುವಂತಾಗಬಾರದು. ಈಗಿನಿಂದಲೇ ನಮ್ಮವರನ್ನು ತಯಾರು ಮಾಡಬೇಕು ಎಂಬುದು ಅದರ ತಿರುಳು. 1945ರ ಜೂನಿನಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ವಿಜ್ಞಾನ ಮಂದಿರದ ಆವರಣದಲ್ಲಿಯೇ ಆರಂಭವಾಗಿ, ಅದೇ ವರ್ಷ ಮುಂಬಯಿಗೆ ಹೋಯಿತು.

ಆಮೇಲೆ ಕೆಲಸ ಬೇಗ ಬೇಗ ಸಾಗಿತು. 1948ರಲ್ಲಿ ಪರಮಾಣು ಶಕ್ತಿ ಆಯೋಗ, 1954ರಲ್ಲಿ ಟ್ರಾಂಬೆ, 1956ರ ಆಗಸ್ಟಿನಲ್ಲಿ ಅಪ್ಸರಾ. ಅಪ್ಸರಾದ ಇಂಧನ ಬ್ರಿಟನ್ನಿನದು, ಕಟ್ಟಿದ ಕೈಗಳು ನಮ್ಮವು. ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದಿದ ಎಂ. ಆರ್. ಶ್ರೀನಿವಾಸನ್ ಅವರಲ್ಲೊಬ್ಬರು, ತುಮಕೂರಿನಲ್ಲಿ ಹುಟ್ಟಿದ ರಾಜಾ ರಾಮಣ್ಣ ಅವರೂ ಭಾಭಾರ ಬಳಗದವರೇ. 1957ರಲ್ಲಿ ಪದವೀಧರರಿಗೆ ಒಂದು ವರ್ಷದ ತರಬೇತಿ ಶಾಲೆ ತೆರೆಯಿತು. ರಿಯಾಕ್ಟರಿಗಿಂತ ಈ ಶಾಲೆಯೇ ಅವರ ದೊಡ್ಡ ಕಟ್ಟಡವೆಂದು ನನಗೆ ತೋರುತ್ತದೆ.

ಇದಕ್ಕೆ ಎದುರು ಮಾತೂ ಇತ್ತು. ಕಲ್ಕತ್ತಾ ವಿಶ್ವವಿದ್ಯಾಲಯದಲ್ಲಿ ಪರಮಾಣು ಸಂಶೋಧನೆಗೆ ನೆಲೆ ಒದಗಿಸಿದ ಮೇಘನಾದ ಸಹಾ, ಈ ವಿದ್ಯೆ ವಿಶ್ವವಿದ್ಯಾಲಯಗಳಲ್ಲಿಯೇ ಬೆಳೆಯಬೇಕೆಂದು ವಾದಿಸಿದರು. ಬೇರೆ ಸಂಸ್ಥೆ ಕಟ್ಟಿದ್ದರಿಂದ ಕೆಲಸವೇನೋ ಬೇಗ ಆಯಿತು. ಆದರೆ ಪಾಠ ಹೇಳುವವರೊಬ್ಬರು, ಹೊಸದನ್ನು ಹುಡುಕುವವರು ಇನ್ನೊಬ್ಬರು ಎಂದಾಯಿತು. ಸರ್ಕಾರಿ ಕಾಲೇಜಿನಲ್ಲಿ ಓದುವ ನಾನು ಈ ಒಂದು ವಿಷಯದಲ್ಲಿ ಸಹಾರ ಕಡೆಗೇ ವಾಲುತ್ತೇನೆ.

1966ರ ಜನವರಿ 24ರಂದು, ವಿಯೆನ್ನಾಕ್ಕೆ ಹೊರಟಿದ್ದ ಭಾಭಾ ಮೌಂಟ್ ಬ್ಲಾಂಕಿನ ವಿಮಾನ ದುರಂತದಲ್ಲಿ ತೀರಿಕೊಂಡರು. ಇನ್ನೂ ಐವತ್ತಾರು ವರ್ಷ. ತಾರಾಪುರದ ವಿದ್ಯುತ್ತು 1969ರಲ್ಲಿ ಬಂದಿತು, ನಮ್ಮ ಕೈಗಾದ್ದು 2000ದಲ್ಲಿ. ಕೈಗಾದಲ್ಲಿ ಈಗ 220 ಮೆಗಾವಾಟಿನ ನಾಲ್ಕು ಘಟಕಗಳಿವೆ. ನಲ್ಲೂರಿನ ಅಡಿಕೆ ತೋಟಗಳಿಗೆ ನೀರೆತ್ತುವ ಪಂಪುಸೆಟ್ಟುಗಳ ವಿದ್ಯುತ್ತಿನಲ್ಲಿ ಕೈಗಾದ ಪಾಲು ಎಷ್ಟೆಂದು ಬೇರ್ಪಡಿಸಿ ಹೇಳಲಾಗದು. ತಂತಿಯೊಳಗೆ ಎಲ್ಲವೂ ಬೆರೆತಿರುತ್ತದೆ.