ಕೊಳವೆ ನೀರಿನ ಗುಟ್ಟು ಬಿಡಿಸಿದ ರೆನಾಲ್ಡ್ಸ್

ಆಸ್ಬೋರ್ನ್ ರೆನಾಲ್ಡ್ಸ್ 1842ರಲ್ಲಿ ಐರ್ಲೆಂಡಿನ ಬೆಲ್‌ಫಾಸ್ಟ್‌ನಲ್ಲಿ ಜನಿಸಿದರು. ಯಂತ್ರದ ಕಾರ್ಯಾಗಾರದಲ್ಲಿ ಕೆಲಸ ಕಲಿತು, ಬಳಿಕ ಕೇಂಬ್ರಿಜ್‌ನಲ್ಲಿ ಓದಿ, 1868ರಲ್ಲಿ ಮ್ಯಾಂಚೆಸ್ಟರಿನಲ್ಲಿ ಎಂಜಿನಿಯರಿಂಗ್ ಪ್ರಾಧ್ಯಾಪಕರಾದರು.

ಗಾಜಿನ ಕೊಳವೆಯಲ್ಲಿ ಹರಿಯುವ ನೀರಿಗೆ ಬಣ್ಣ ಬಿಟ್ಟು ನೋಡಿದ ಪ್ರಯೋಗವನ್ನು ಅವರು 1883ರಲ್ಲಿ ಪ್ರಕಟಿಸಿದರು. ನೀರು ನಿಧಾನವಾಗಿ ಹರಿದಾಗ ಬಣ್ಣ ನೂಲಿನೆಳೆಯಂತೆ ನೇರ ಸಾಗಿತು, ಬೆರೆಯಲಿಲ್ಲ. ವೇಗ ಹೆಚ್ಚಿದಾಗ ಎಳೆ ಒಡೆದು, ಸುಳಿಯೆದ್ದು, ಕೊಳವೆಯ ತುಂಬ ಬೆರೆಯಿತು. ವೇಗ, ಕೊಳವೆಯ ಅಗಲ, ದ್ರವದ ಸಾಂದ್ರತೆ ಮತ್ತು ಸ್ನಿಗ್ಧತೆ ಸೇರಿ ಇದನ್ನು ನಿರ್ಧರಿಸುತ್ತವೆಂದು ತೋರಿಸಿದರು. ಅವರು ತೀರಿಕೊಂಡದ್ದು 1912ರಲ್ಲಿ.

ಹನಿ ನೀರಾವರಿ ಮಾಡುವ ರೈತರಿಗೂ ಇದು ಪಾಠ. ಗೊಬ್ಬರದ ದ್ರಾವಣ ನೀರಿನಲ್ಲಿ ಚೆನ್ನಾಗಿ ಬೆರೆಯದಿದ್ದರೆ ಒಂದು ಸಾಲಿಗೆ ಹೆಚ್ಚು, ಇನ್ನೊಂದಕ್ಕೆ ಕಡಿಮೆ ಹೋಗುತ್ತದೆ. ಬೆಂಡಿನ ಪಕ್ಕದಲ್ಲೇ ಮೀಟರು ಕೂರಿಸಿದರೆ ಸುಳಿಯಿಂದ ಅಳತೆ ತಪ್ಪಬಹುದು. ಮೀಟರಿಗೆ ಮೊದಲು ನೇರ ಪೈಪು ಇರಲಿ.