ಬಾಣದ ಗುರುತಿನ ಪೀಟರ್ಸನ್

ಡಿಸೆಂಬರ್ ರಜೆಯಲ್ಲಿ ಫ್ರೆಂಡ್ಸ್ ಜೊತೆ ಕಾರವಾರಕ್ಕೆ ಹೋಗಿದ್ದೆ. ಅಲೆ ಹಿಂದೆ ಸರಿದ ತಕ್ಷಣ ಓಡಿ ಬಂದು ಮರಳು ಕುಕ್ಕಿ, ಮತ್ತೆ ಅಲೆ ಬಂದಾಗ ವಾಪಸ್ ಓಡುವ ಪುಟ್ಟ ಹಕ್ಕಿಗಳು ಒಂದೈವತ್ತು ಇದ್ದವು. ಎಲ್ಲವೂ ಬೂದು ಬಣ್ಣ, ನನ್ನ ಕಣ್ಣಿಗೆ ಎಲ್ಲವೂ ಒಂದೇ. ಆದರೆ ಗೆಳೆಯನೊಬ್ಬ ಅದರಲ್ಲಿ ಮೂರು ಜಾತಿ ಇದೆ ಅಂದ. ನಾನು ನಂಬಲಿಲ್ಲ. ಅವನು ಬ್ಯಾಗಿನಿಂದ ಒಂದು ಪುಸ್ತಕ ತೆಗೆದು, ಚಿತ್ರ ತೋರಿಸಿ ನಂಬಿಸಿದ. ಜೇಬಲ್ಲಿ ಇಟ್ಟುಕೊಳ್ಳುವಂಥ ಈ ಪುಸ್ತಕಗಳಿಗೆ ದಾರಿ ಮಾಡಿಕೊಟ್ಟವರು ಯಾರು ಅಂತ ಹುಡುಕಿದಾಗ ಸಿಕ್ಕ ಹೆಸರು ರೋಜರ್ ಟೋರಿ ಪೀಟರ್ಸನ್.

ಪೀಟರ್ಸನ್ ಹುಟ್ಟಿದ್ದು 1908ರಲ್ಲಿ, ಅಮೆರಿಕದ ನ್ಯೂಯಾರ್ಕ್ ರಾಜ್ಯದ ಜೇಮ್ಸ್‌ಟೌನ್‌ನಲ್ಲಿ. ಅಪ್ಪ ಸ್ವೀಡನ್‌ನಿಂದ ವಲಸೆ ಬಂದು ಕಾರ್ಖಾನೆಯಲ್ಲಿ ದುಡಿಯುತ್ತಿದ್ದವರು. ಏಳನೇ ಕ್ಲಾಸಿನಲ್ಲಿದ್ದಾಗ ಟೀಚರ್ ಒಬ್ಬರು ಮಕ್ಕಳಿಗಾಗಿ ಹಕ್ಕಿಗಳ ಕ್ಲಬ್ ಶುರು ಮಾಡಿದರು. ಅದೇ ಸಮಯದಲ್ಲಿ ಒಂದು ದಿನ ಹುಡುಗನಿಗೆ ಮರದ ಮೇಲೆ ಮರಕುಟಿಗ ಜಾತಿಯ ಹಕ್ಕಿಯೊಂದು ಅಲುಗಾಡದೆ ಕೂತಿದ್ದು ಕಾಣಿಸಿತು. ಸತ್ತಿದೆ ಅಂದುಕೊಂಡು ಮುಟ್ಟಿದ. ನಿದ್ದೆಯಲ್ಲಿದ್ದ ಹಕ್ಕಿ ಬೆಚ್ಚಿ, ರೆಕ್ಕೆಯ ಹಳದಿ ಬಣ್ಣ ತೋರಿಸುತ್ತಾ ಹಾರಿಹೋಯಿತು. ಆ ಕ್ಷಣವನ್ನು ಅವರು ಸಾಯುವವರೆಗೂ ಮರೆಯಲಿಲ್ಲ.

ಶಾಲೆ ಮುಗಿದ ಮೇಲೆ ಫರ್ನಿಚರ್ ಕಾರ್ಖಾನೆಯಲ್ಲಿ ಬೀರುಗಳ ಮೇಲೆ ಚಿತ್ರ ಬರೆದರು. ನಂತರ ಕಲೆ ಕಲಿಯೋಕೆ ನ್ಯೂಯಾರ್ಕ್ ನಗರಕ್ಕೆ ಬಂದರು. ಅಲ್ಲಿ ಬ್ರಾಂಕ್ಸ್‌ನ ಹಕ್ಕಿ ಹುಚ್ಚಿನ ಹುಡುಗರ ಗುಂಪು ಸೇರಿದರು. ಅವರಿಗೆಲ್ಲ ಗುರುವಿನಂತೆ ಇದ್ದವರು ಲಡ್ಲೋ ಗ್ರಿಸ್ಕಮ್.

ಇಲ್ಲಿ ಆ ಕಾಲದ ಒಂದು ಪದ್ಧತಿ ಹೇಳಲೇಬೇಕು. ಗುಂಪಿನಲ್ಲಿ ಅಪರೂಪದ ಹಕ್ಕಿ ಇದೆ ಅಂತ ಹೇಳಿದರೆ ತಜ್ಞರು ಸುಲಭವಾಗಿ ಒಪ್ಪುತ್ತಿರಲಿಲ್ಲ. ಗುಂಡು ಹೊಡೆದು, ಕೈಯಲ್ಲಿ ಹಿಡಿದು ತೋರಿಸಬೇಕಿತ್ತು. ಅಂದರೆ ಯಾವ ಹಕ್ಕಿ ಅಪರೂಪವೋ ಅದೇ ಮೊದಲು ಸಾಯಬೇಕು! ಗ್ರಿಸ್ಕಮ್ ದುರ್ಬೀನಿನಿಂದ ನೋಡಿಯೇ ಗುರುತು ಹಿಡಿಯಬಹುದು ಅಂತ ತೋರಿಸಿಕೊಟ್ಟರು. ಆದರೆ ಅವರ ಕಣ್ಣು ಎಲ್ಲರಿಗೂ ಇರಲ್ಲವಲ್ಲ. ಆ ಕಣ್ಣನ್ನು ಪುಸ್ತಕಕ್ಕೆ ಇಳಿಸಿದ್ದು ಪೀಟರ್ಸನ್.

ಅವರ ವಿಧಾನ ತುಂಬಾ ಸಿಂಪಲ್. ಒಂದೇ ಥರ ಕಾಣುವ ಹಕ್ಕಿಗಳನ್ನು ಒಂದೇ ಪುಟದಲ್ಲಿ, ಒಂದೇ ಭಂಗಿಯಲ್ಲಿ ಬರೆಯೋದು. ಯಾವುದು ಬೇರೆಯೋ ಅಲ್ಲಿಗೆ ಮಾತ್ರ ಒಂದು ಪುಟ್ಟ ಗೆರೆ ಎಳೆದು ತೋರಿಸೋದು. ಉದಾಹರಣೆಗೆ, ಅಮೆರಿಕದ ತೀರದಲ್ಲಿ ಡನ್ಲಿನ್ ಅನ್ನೋ ಹಕ್ಕಿ ಸಾವಿರಗಟ್ಟಲೆ ಇರುತ್ತೆ. ಅದರ ಮಧ್ಯೆ ಯಾವಾಗಲೋ ಒಂದು ಕರ್ಲ್ಯೂ ಸ್ಯಾಂಡ್‌ಪೈಪರ್ ದಾರಿ ತಪ್ಪಿ ಬರುತ್ತೆ. ಚಳಿಗಾಲದಲ್ಲಿ ಎರಡೂ ಬೂದು, ಎರಡರ ಕೊಕ್ಕೂ ಬಾಗಿರುತ್ತೆ. ಕಾಯಬೇಕು. ಹಾರಿದಾಗ ಬಾಲದ ಮೇಲ್ಭಾಗ ಪೂರ್ತಿ ಬಿಳಿ ಕಂಡರೆ ಅದು ಕರ್ಲ್ಯೂ ಸ್ಯಾಂಡ್‌ಪೈಪರ್. ನಡುವೆ ಕಪ್ಪು ಪಟ್ಟಿ ಇದ್ದರೆ ಡನ್ಲಿನ್. ಇಷ್ಟು ಗೊತ್ತಿದ್ದರೆ ಬಂದೂಕು ಯಾಕೆ?

ಆರ್ಥಿಕ ಕುಸಿತದ ಕಾಲವಾದ್ದರಿಂದ ಹಲವು ಪ್ರಕಾಶಕರು ಪುಸ್ತಕ ಬೇಡ ಅಂದರು. ಕೊನೆಗೆ 1934ರಲ್ಲಿ ಬಾಸ್ಟನ್‌ನ ಹೌಟನ್ ಮಿಫ್ಲಿನ್ ಸಂಸ್ಥೆ ಎರಡು ಸಾವಿರ ಪ್ರತಿ ಅಚ್ಚು ಹಾಕಿಸಿತು. ಕೆಲವೇ ದಿನಗಳಲ್ಲಿ ಎಲ್ಲ ಖಾಲಿ! ಆಗ ಪೀಟರ್ಸನ್ ಇಪ್ಪತ್ತೈದರ ಶಾಲಾ ಮೇಷ್ಟ್ರು.

ನಮ್ಮಂಥವರಿಗೆ ಇಷ್ಟ ಆಗೋ ಸಂಗತಿ ಇನ್ನೊಂದಿದೆ. ಎರಡನೇ ಮಹಾಯುದ್ಧದಲ್ಲಿ ಅವರು ಕೆಲಸ ಮಾಡಿದ್ದು ಸೈನ್ಯದ ಎಂಜಿನಿಯರ್ ದಳದಲ್ಲಿ. ಹಕ್ಕಿಗೆ ಮಾಡಿದ್ದ ವಿಧಾನ ಆಗ ವಿಮಾನ ಗುರುತಿಸೋಕೂ ಬಳಕೆಯಾಯಿತು.

ಯುದ್ಧದ ನಂತರ ಕನೆಕ್ಟಿಕಟ್‌ನ ಓಲ್ಡ್ ಲೈಮ್‌ನಲ್ಲಿ ನೆಲೆಸಿದರು. ಅಲ್ಲಿ ಮೀನು ಹಿಡಿಯುವ ಆಸ್ಪ್ರೇ ಹದ್ದುಗಳ ಗೂಡುಗಳು ವರ್ಷದಿಂದ ವರ್ಷಕ್ಕೆ ಖಾಲಿಯಾಗುತ್ತಿದ್ದವು. ಡಿಡಿಟಿ ವಿಷದಿಂದ ಮೊಟ್ಟೆಯ ಚಿಪ್ಪು ತೆಳುವಾಗಿ ಮರಿಗಳೇ ಆಗುತ್ತಿರಲಿಲ್ಲ. ಚಿತ್ರ ಬರೆಯೋದನ್ನು ಬದಿಗಿಟ್ಟು, 1964ರಲ್ಲಿ ಸೆನೆಟ್ ಸಮಿತಿಯ ಮುಂದೆ ಹೋಗಿ ಇದನ್ನು ಹೇಳಿದರು. 1972ರಲ್ಲಿ ಅಮೆರಿಕ ಡಿಡಿಟಿಯನ್ನು ನಿಷೇಧಿಸಿತು. ಆ ಹೋರಾಟದಲ್ಲಿ ತುಂಬಾ ಜನ ಇದ್ದರು, ಇವರೂ ಒಬ್ಬರು. ಒಂದು ಹಕ್ಕಿಯನ್ನು ಇನ್ನೊಂದರಿಂದ ಬೇರ್ಪಡಿಸಿ ನೋಡೋಕೆ ಬಂದರೆ ತಾನೇ ಯಾವುದು ಕಮ್ಮಿಯಾಗ್ತಿದೆ ಅಂತ ಗೊತ್ತಾಗೋದು?

ಪೀಟರ್ಸನ್ 1996ರಲ್ಲಿ, 87ನೇ ವಯಸ್ಸಿನಲ್ಲಿ ತೀರಿಕೊಂಡರು. ಅಷ್ಟು ಹೊತ್ತಿಗೆ ಅವರ ಪುಸ್ತಕದ ಲಕ್ಷಾಂತರ ಪ್ರತಿಗಳು ಜನರ ಕೈ ಸೇರಿದ್ದವು.

ಅಂದ ಹಾಗೆ, ಅಮೆರಿಕದಲ್ಲಿ ಅಪರೂಪವಾದ ಕರ್ಲ್ಯೂ ಸ್ಯಾಂಡ್‌ಪೈಪರ್ ಸೈಬೀರಿಯಾದಿಂದ ಭಾರತದ ಕರಾವಳಿಗೆ ಚಳಿಗಾಲದಲ್ಲಿ ಗುಂಪುಗುಂಪಾಗಿ ಬರುತ್ತೆ. ಕಾರವಾರದಲ್ಲಿ ನಾನು ನೋಡಿದ ಐವತ್ತರಲ್ಲೂ ಇದ್ದಿರಬಹುದು. ಈ ಸಲದ ರಜೆಗೆ ಗೆಳೆಯನ ದುರ್ಬೀನನ್ನು ಈಗಲೇ ಕೇಳಿಟ್ಟಿದ್ದೀನಿ.