‘ಕರ್ನಾಟಕದ ಶೇಕ್ಸ್‌ಪಿಯರ್’ ಅಂತ ಕರೆದು ಕೈತೊಳೆದುಕೊಂಡೆವು

2019ರಲ್ಲಿ ತೆರೆಗೆ ಬಂದ ದರ್ಶನ್ ಅಭಿನಯದ ‘ಕುರುಕ್ಷೇತ್ರ’ ಸಿನಿಮಾಕ್ಕೆ ರನ್ನನ ಗದಾಯುದ್ಧವೇ ಆಧಾರ. ರನ್ನ ಬಾಗಲಕೋಟೆ ಜಿಲ್ಲೆಯ ಮುಧೋಳದವ. ಹತ್ತನೇ ಶತಮಾನದ ಕವಿ ಮಲ್ಟಿಪ್ಲೆಕ್ಸ್ ತನಕ ಬಂದ, ಸಂತೋಷ. ಆದರೆ ದುರ್ಯೋಧನ ತೊಡೆ ಮುರಿದು ಬಿದ್ದ ಮೇಲಿನ ಆ ರಾತ್ರಿಯನ್ನೇ ನಾಟಕ ಮಾಡಿದ ಇನ್ನೊಬ್ಬರು ಇದೇ ಜಿಲ್ಲೆಯಲ್ಲಿದ್ದರು: ಕಂದಗಲ್ಲ ಹನುಮಂತರಾಯರು.

ಹುಟ್ಟಿದ್ದು 1896ರಲ್ಲಿ, ಇಳಕಲ್ ಹತ್ತಿರದ ಕಂದಗಲ್ಲಿನಲ್ಲಿ. ಆಗ ಅದು ಹುನಗುಂದ ತಾಲ್ಲೂಕು, ವಿಜಾಪುರ ಜಿಲ್ಲೆ, ಮುಂಬೈ ಪ್ರಾಂತ್ಯ. ರಂಗಭೂಮಿ ಅಂದರೆ ಮರಾಠಿ ಅನ್ನುವಷ್ಟು ಮರಾಠಿ ನಾಟಕಗಳ ಅಬ್ಬರ. ಅಂಥ ಹೊತ್ತಿನಲ್ಲಿ ಅವರು ಕನ್ನಡದ ಕಂಪನಿಗಳಿಗೆ ನಾಟಕ ಬರೆದರು. ಅಕ್ಷಯಾಂಬರ, ಕುರುಕ್ಷೇತ್ರ, ಬಾಣಸಿಗ ಭೀಮ, ಎಲ್ಲಕ್ಕಿಂತ ಹೆಚ್ಚಾಗಿ ರಕ್ತರಾತ್ರಿ.

ರಕ್ತರಾತ್ರಿಯ ವಸ್ತು ಮಹಾಭಾರತದ ಸೌಪ್ತಿಕ ಪರ್ವದ್ದು. ಯುದ್ಧ ಮುಗಿದಿದೆ, ಗೆದ್ದವರು ಮಲಗಿದ್ದಾರೆ. ಅಪ್ಪನನ್ನು ಮೋಸದಿಂದ ಕೊಂದರೆಂಬ ಸಿಟ್ಟಿನಲ್ಲಿ ಅಶ್ವತ್ಥಾಮ ಪಾಂಡವರ ಶಿಬಿರಕ್ಕೆ ನುಗ್ಗಿ ಮಲಗಿದ್ದ ದ್ರೌಪದಿಯ ಮಕ್ಕಳನ್ನು ಕೊಲ್ಲುತ್ತಾನೆ. ಸಿನಿಮಾದವರಿಗೆ ಗದೆಗಳ ಹೊಡೆದಾಟವೇ ಕ್ಲೈಮ್ಯಾಕ್ಸ್. ಗೆಲುವಿನ ಮರುಗಳಿಗೆಯ ಲೆಕ್ಕ ಯಾರು ಕೊಡಬೇಕು ಅನ್ನೋದು ಈ ಕಥೆಯ ಪ್ರಶ್ನೆ. ವಿಜಯೋತ್ಸವದ ಘೋಷಣೆಗಳಲ್ಲೇ ರಾಜಕೀಯ ಮುಗಿಸುವ ನಮ್ಮ ಕಾಲಕ್ಕೆ ಇದಕ್ಕಿಂತ ಹತ್ತಿರದ ಪ್ರಶ್ನೆ ಇನ್ನೇನಿದೆ?

ಅವರಿಗೆ ‘ಕರ್ನಾಟಕದ ಶೇಕ್ಸ್‌ಪಿಯರ್’ ಎಂಬ ಬಿರುದಿದೆ. ಹಾಗಾದರೆ ಆ ಶೇಕ್ಸ್‌ಪಿಯರನ ಮ್ಯಾಕ್‌ಬೆತ್‌ಗೆ ಏನಾಯ್ತು ನೋಡಿ. 1957ರಲ್ಲಿ ಕುರೊಸಾವಾ ಅದನ್ನು ಜಪಾನಿನ ಕೋಟೆಗೆ ಒಯ್ದರು. ಅಲ್ಲಿ ನಾಯಕ ಸಾಯೋದು ತನ್ನದೇ ಸೈನಿಕರ ಬಾಣಗಳಿಗೆ. 1971ರಲ್ಲಿ ಪೊಲಾನ್ಸ್ಕಿ, ಹೊಸ ರಾಜನ ತಮ್ಮ ಮತ್ತೆ ಮಾಟಗಾತಿಯರ ಕಡೆ ಹೋಗುವಂತೆ ತೋರಿಸಿ, ಅಧಿಕಾರದ ಹಸಿವು ಮುಗಿಯಲ್ಲ ಅಂದರು. 2003ರಲ್ಲಿ ವಿಶಾಲ್ ಭಾರದ್ವಾಜ್ ‘ಮಕ್ಬೂಲ್’ನಲ್ಲಿ ಅದನ್ನು ಮುಂಬೈ ಭೂಗತ ಲೋಕಕ್ಕೆ ತಂದರು. ಕಥೆ ಒಂದೇ, ಪ್ರತಿ ಸಲ ಬೇರೆ ರಾಜಕೀಯ. ಕ್ಲಾಸಿಕ್ ಬದುಕೋದು ಹೀಗೆ.

ಹನುಮಂತರಾಯರ ನಾಟಕಗಳನ್ನು ಬದುಕಿಸಿದ್ದು ಕ್ಯಾಮೆರಾ ಅಲ್ಲ, ಜಾತ್ರೆ. ಬನದ ಹುಣ್ಣಿಮೆಗೆ ಬಾದಾಮಿಯ ಬನಶಂಕರಿಯಲ್ಲಿ ನಾಟಕ ಕಂಪನಿಗಳು ಟೆಂಟ್ ಹಾಕುತ್ತವೆ. ಊರೂರಲ್ಲಿ ಹೊಲದ ಕೆಲಸ ಮುಗಿಸಿ ಬಂದ ಹುಡುಗರು ಪೇಟಿ ಮಾಸ್ತರರ ಮುಂದೆ ಕೂತು ಉದ್ದುದ್ದ ಮಾತು ಬಾಯಿಪಾಠ ಮಾಡುತ್ತಾರೆ. ರಕ್ತರಾತ್ರಿಯ ಶಕುನಿ ಪಾತ್ರ ಮಾಡೋದಂದ್ರ ಊರಾಗ ಮರ್ಯಾದಿ. ಓದು ಬರಹ ಬಾರದವರ ನಾಲಗೆಯ ಮೇಲೂ ಆ ಭಾರೀ ಕನ್ನಡ ನಿಂತಿದೆ. ಯಾವ ವಿಶ್ವವಿದ್ಯಾಲಯದ ಸಿಲಬಸ್ಸೂ ಈ ಕೆಲಸ ಮಾಡಿಲ್ಲ.

1966ರಲ್ಲಿ ಅವರು ತೀರಿಕೊಂಡರು. ವಿಜಯಪುರದ ರಂಗಮಂದಿರಕ್ಕೆ ಅವರ ಹೆಸರಿದೆ. ಒಳ್ಳೆಯದೇ. ಆದರೆ ಹೆಸರಿನ ಫಲಕವನ್ನು ಯಾರೂ ಆಡಿ ತೋರಿಸೋಕಾಗಲ್ಲ. ಬೆಂಗಳೂರಿನ ಚರ್ಚೆಗಳಲ್ಲಿ ‘ಕಂಪನಿ ನಾಟಕ’ ಅನ್ನೋದು ಇವತ್ತಿಗೂ ಅಬ್ಬರ, ಅಗ್ಗ ಅನ್ನುವ ಅರ್ಥದಲ್ಲೇ ಬಳಕೆಯಾಗುತ್ತದೆ. ಅದರಲ್ಲಿ ಯಾರ ಅಭಿರುಚಿ ಕಲೆ, ಯಾರದ್ದು ಬರೀ ಮನರಂಜನೆ ಎಂಬ ತೀರ್ಪು ಅಡಗಿದೆ. ಪ್ರದೇಶ, ಜಾತಿ, ವರ್ಗ ಮೂರೂ ಅದರೊಳಗಿವೆ.

ಬಿರುದು ಕೊಡೋದು ಸುಲಭ, ಖರ್ಚಿಲ್ಲ. ನಾಟಕಗಳ ಶುದ್ಧ ಪಠ್ಯ ಸಿದ್ಧಪಡಿಸೋದು, ಹಳೆಯ ನಟ ನಟಿಯರಿರುವಾಗಲೇ ಅವರ ಪ್ರಯೋಗಗಳನ್ನು ಚಿತ್ರೀಕರಿಸಿಡೋದು ಸರ್ಕಾರ, ಅಕಾಡೆಮಿಗಳ ಕೆಲಸ. ಸಿನಿಮಾ ಮಾಡಬೇಕೆನ್ನುವ ಹೊಸ ಹುಡುಗರು ಕಥೆ ಇಲ್ಲ ಅಂತ ಕೊರಗುವ ಮೊದಲು ಒಂದು ರಾತ್ರಿ ಬನಶಂಕರಿ ಜಾತ್ರೆಗೆ ಹೋಗಿ ಬರಲಿ.